ಕಳಿಸಿದ್ದು ತಲುಪದಂತೆ, ಇಳಿಸಿದ್ದು ತೆರೆಯದಂತೆ

ಬೀದರ್‌ನ ಬಿದರಿ ಅಂಗಡಿಗೋ, ಭಾಲ್ಕಿಯ ಬೀಜದ ವ್ಯಾಪಾರಿಗೋ, ಔರಾದಿನ ಕಾಲೇಜಿಗೋ ವೆಬ್‌ಸೈಟ್ ಮಾಡಿಕೊಡುವ ಕೆಲಸ ಹಿಡಿದಿದ್ದೀರಾ? ಒಂದು ಪುಕ್ಕಟೆ ಟೆಂಪ್ಲೇಟ್ ಇಳಿಸಿಕೊಳ್ಳಿ. ತಲೆಬರಹ ಬದಲಿಸಿ, ಕೋಟೆಯ ಫೋಟೊ ಹಾಕಿ, ಮುಂಗಡ ತೆಗೆದುಕೊಳ್ಳಿ. ಉಳಿದದ್ದನ್ನು ಮುಟ್ಟಬೇಡಿ.

ಮೊದಲು ‘ಸಂಪರ್ಕಿಸಿ’ ಫಾರ್ಮ್. ಅದರ ಆಕ್ಷನ್ ಜಾಗದಲ್ಲಿ ಬರೀ ಒಂದು ಹ್ಯಾಶ್ ಚಿಹ್ನೆ ಇರುತ್ತದೆ, ಇರಲಿ. ಗಿರಾಕಿ ಗುಂಡಿ ಒತ್ತಿದರೆ ಅದೇ ಪುಟ ಮತ್ತೆ ತೆರೆದುಕೊಳ್ಳುತ್ತದೆ, ಬರೆದದ್ದು ಯಾರಿಗೂ ಸಿಗುವುದಿಲ್ಲ. ಇದಕ್ಕೊಂದು ಹಸಿರು ಪಟ್ಟಿ ಸೇರಿಸಿ: ‘ಧನ್ಯವಾದ, ನಿಮ್ಮ ಸಂದೇಶ ತಲುಪಿದೆ.’ ತಲುಪಿದ ಮೇಲೆಯೇ ಪಟ್ಟಿ ಮೂಡಬೇಕೆಂದು ಹಟ ಹಿಡಿಯಬೇಡಿ. ಒತ್ತಿದ ಕೂಡಲೇ ಮೂಡಲಿ. ಗಿರಾಕಿಗೆ ಬೇಕಾದದ್ದು ಸಮಾಧಾನ, ಅದು ಸಿಕ್ಕಿತಲ್ಲ.

ಟೆಂಪ್ಲೇಟಿನಲ್ಲಿ ಪಿಎಚ್‌ಪಿ ಫೈಲ್ ಇದ್ದರೆ, ಪಿಎಚ್‌ಪಿ ಓಡದ ಹೋಸ್ಟಿಂಗ್ ಹುಡುಕಿ ಅಲ್ಲೇ ಇಡಿ. ಸಂದೇಶ ಕಳಿಸಲು ಹೋದವರ ಮೊಬೈಲಿಗೆ ಕೆಲವೊಮ್ಮೆ ಆ ಪಿಎಚ್‌ಪಿ ಫೈಲೇ ಇಳಿದುಬರುತ್ತದೆ. ಫಾರ್ಮ್ ಮತ್ತು ಡೌನ್‌ಲೋಡ್ ಎರಡೂ ಒಂದೇ ಗುಂಡಿಯಲ್ಲಿ ಮುಗಿದವು. ಇದಕ್ಕೆ ಬೇರೆ ದರ ಹಾಕಿ.

ಖಾನೆಗಳಿಗೆ ‘ನೇಮ್’ ಎಂಬ ಗುರುತು ಕೊಡಬೇಡಿ. ಆ ಗುರುತಿಲ್ಲದ ಖಾನೆಯನ್ನು ಬ್ರೌಸರ್ ಕಳಿಸುವುದೇ ಇಲ್ಲ. ಬಿದರಿ ಹೂದಾನಿಯ ಮಾದರಿ ಚಿತ್ರ ಲಗತ್ತಿಸಲು ಜಾಗ ಕೇಳಿದರೆ ಧಾರಾಳವಾಗಿ ಕೊಡಿ, ಆದರೆ ಫಾರ್ಮಿಗೆ ಮಲ್ಟಿಪಾರ್ಟ್ ಎಂದು ಬರೆಯಬೇಡಿ. ಚಿತ್ರದ ಹೆಸರು ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಯಾರೋ ಬುದ್ಧಿವಂತರು ಅದನ್ನು ಸರಿಪಡಿಸಿದರೂ ಹೆದರಬೇಡಿ: ಪಿಎಚ್‌ಪಿಯ ಮೂಲ ಮಿತಿ ಒಂದು ಫೈಲಿಗೆ 2 ಎಂಬಿ, ಈಗಿನ ಮೊಬೈಲಿನ ಫೋಟೊ ಸಾಮಾನ್ಯವಾಗಿ ಅದನ್ನು ದಾಟಿರುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬಿದರಿ ಕಲೆ, ಇನ್ನೊಂದಿಷ್ಟು ದಿನ ಕಾಯಲಿ.

ಇಷ್ಟಾಗಿಯೂ ಫಾರ್ಮಿನಿಂದ ಇಮೇಲ್ ಪತ್ರ ನಿಜಕ್ಕೂ ಹೊರಟುಬಿಟ್ಟರೆ, ಕಳಿಸಿದವರ ಜಾಗದಲ್ಲಿ ಗಿರಾಕಿಯ ಜಿಮೇಲ್ ವಿಳಾಸವನ್ನೇ ತುಂಬಿ. ಜಿಮೇಲ್ ಹೆಸರು ಹೇಳಿಕೊಂಡು ಬೇರೆ ಸರ್ವರಿನಿಂದ ಬಂದ ಪತ್ರವನ್ನು ಕಂಡರೆ ಮೇಲ್ ಕಂಪನಿಗಳಿಗೆ ಆಗದು. ಉಳಿದದ್ದನ್ನು ಸ್ಪ್ಯಾಮ್ ಪೆಟ್ಟಿಗೆ ನೋಡಿಕೊಳ್ಳುತ್ತದೆ.

ಇನ್ನು ಡೌನ್‌ಲೋಡ್. ಕಾಲೇಜಿನ ಪ್ರವೇಶ ಅರ್ಜಿಯ ಕೊಂಡಿಯನ್ನು ನಿಮ್ಮ ಕಂಪ್ಯೂಟರಿನ ಸಿ ಡ್ರೈವ್‌ಗೆ ಕೊಡಿ. ನಿಮ್ಮ ಮೇಜಿನ ಮೇಲೆ ಚೆನ್ನಾಗಿ ತೆರೆಯುತ್ತದೆ, ಔರಾದಿನಲ್ಲಿ ತೆರೆಯುವುದಿಲ್ಲ. ತಪ್ಪು ಔರಾದಿನದು ಎಂದು ಬೇರೆ ಹೇಳಬೇಕೆ? ಸರ್ವರಿಗೆ ಹಾಕಲೇಬೇಕಾಗಿ ಬಂದರೆ ಫೈಲಿನ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿಡಿ, ಕೊಂಡಿಯಲ್ಲಿ ಚಿಕ್ಕಕ್ಷರ ಬರೆಯಿರಿ. ನಿಮ್ಮ ವಿಂಡೋಸಿಗೆ ಎರಡೂ ಒಂದೇ, ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ‘ಫೈಲ್ ಸಿಗಲಿಲ್ಲ’ ಎಂಬ ಪುಟವನ್ನೇ ಪಿಡಿಎಫ್ ಹೆಸರಿನಲ್ಲಿ ಇಳಿಯುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಹುಡುಗರು ಅದನ್ನು ತೆರೆಯಲು ಮೂರು ಆ್ಯಪ್ ಹಾಕಿಕೊಳ್ಳುತ್ತಾರೆ, ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಫೈಲ್ ತೆರೆದೇಬಿಡುವ ಅಪಾಯವಿದ್ದರೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನೇ ಏರಿಸಿ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ನಿಯಮಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅರ್ಥವಾಗದ ನಿಯಮದ ಮೇಲೆ ಯಾರೂ ತಕರಾರು ಎತ್ತುವುದಿಲ್ಲ.

ಎಫ್ 12 ಕೀಲಿಯನ್ನು ಮಾತ್ರ ಅಪ್ಪಿತಪ್ಪಿಯೂ ಒತ್ತಬೇಡಿ. ಅಲ್ಲಿನ ನೆಟ್‌ವರ್ಕ್ ಕಿಟಕಿಯಲ್ಲಿ ಯಾವ ಕೋರಿಕೆ ಎಲ್ಲಿ ಬಿತ್ತು, 404 ಬಂತೋ 500 ಬಂತೋ ಎಲ್ಲ ಕಾಣಿಸಿಬಿಡುತ್ತದೆ. ಕಂಡಮೇಲೆ ಸರಿಮಾಡಬೇಕಾಗುತ್ತದೆ.

ಭಾಲ್ಕಿಯ ವ್ಯಾಪಾರಿ ಫೋನ್ ಮಾಡಿ, “ಏನ್ರಿ, ಒಂದೂ ಆರ್ಡರ್ ಬಂದಿಲ್ಲಲ್ರಿ?” ಎಂದರೆ ಗಾಬರಿ ಬೇಡ. “ಸರ್ವರ್ ಡೌನ್ ಅದರಿ” ಎನ್ನಿ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗೆ ಸಾಲು ನಿಂತವರಿಗೆಲ್ಲ ಈ ಮಾತು ಬಾಯಿಪಾಠ, ಎದುರು ಪ್ರಶ್ನೆ ಬರುವುದಿಲ್ಲ. ಬಂದರೆ “ಕ್ಯಾಶ್ ಕ್ಲಿಯರ್ ಮಾಡ್ರಿ” ಎನ್ನಿ. ಅವರು ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿರುವಾಗ ಫೋನ್ ಇಡಿ.

ನಿಮ್ಮ ಬಿಲ್ಲನ್ನು ಮಾತ್ರ ಆ ವೆಬ್‌ಸೈಟಿನ ಮೂಲಕ ಕಳಿಸಬೇಡಿ. ಕಾಗದದ ಮೇಲೆ ಬರೆದು, ಬಸ್ ಹತ್ತಿ, ಕೈಗೇ ಕೊಟ್ಟು ಬನ್ನಿ.