ಧೂಳು ನಿಮ್ಮದು, ಸಾಗಾಣಿಕೆ ಮಾತ್ರ ನನ್ನದು

(ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್‌ನಿಂದ ಟೂಸಾನ್‌ಗೆ ಹೋಗುವ ಐ-10 ಹೆದ್ದಾರಿ. ಪಿಕಾಚೊ ಗುಡ್ಡದ ಹತ್ತಿರ ಕಾರು ಪಕ್ಕಕ್ಕೆ ಹಾಕಿದ ನಮ್ಮ ಪ್ರತಿನಿಧಿಗೆ ಮಾತಿಗೆ ಸಿಕ್ಕವರು ಹಬೂಬ್ ಎಂಬ ಧೂಳುಗಾಳಿ.)

ಪ್ರಶ್ನೆ: ತಮ್ಮ ಮೂಲ?

ಹಬೂಬ್: ಗುಡುಗಿನ ಮೋಡ. ಮಳೆಗೆ ತಣ್ಣಗಾದ ಗಾಳಿ ದಬಕ್ಕನೆ ನೆಲಕ್ಕೆ ಬಿದ್ದು ಸುತ್ತಲೂ ನುಗ್ತದೆ. ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಹೊರಟರೆ ಅದೇ ನಾನು. 2011ರ ಜುಲೈ 5ರಂದು ಸುಮಾರು ಒಂದು ಮೈಲಿ ಎತ್ತರ ಎದ್ದು ಫೀನಿಕ್ಸ್ ಊರನ್ನೇ ನುಂಗಿದ್ದೆ. ಫೋಟೋಗಳು ಚೆನ್ನಾಗಿ ಬಂದಿದ್ದವು ಬಿಡಿ.

ಪ್ರಶ್ನೆ: ಈ ರಸ್ತೆಯಲ್ಲಿ ನಿಮ್ಮಿಂದ ಜನ ಸಾಯ್ತಿದ್ದಾರಲ್ಲ?

ಹಬೂಬ್: ನಾನು ತಂದದ್ದು ಗಾಳಿ. ಧೂಳು ನಿಮ್ಮದು. ಯಾರೂ ಮುಟ್ಟದ ಮರುಭೂಮಿ ಸುಲಭಕ್ಕೆ ಹಾರೋದಿಲ್ಲ ಸ್ವಾಮಿ. ಸೂಕ್ಷ್ಮಜೀವಿಗಳು, ಪಾಚಿ ಸೇರಿ ಹೆಣೆದ ಗಟ್ಟಿ ಪದರ ಮೇಲಿರ್ತದೆ. ನೀವು ಅದನ್ನು ಉತ್ತು ಹತ್ತಿ ಬೆಳೆದಿರಿ, ಲೇಔಟ್ ಮಾಡೋಕೆ ಬುಲ್ಡೋಜರ್ ಓಡಿಸಿದಿರಿ. ಆಮೇಲೆ ಕೊಲರಾಡೊ ನದಿ ಸೊರಗಿತು. 2022ರಲ್ಲಿ ಈ ಪಿನಾಲ್ ಕೌಂಟಿಯ ರೈತರ ನದಿನೀರಿಗೆ ದೊಡ್ಡ ಕತ್ತರಿ ಬಿತ್ತು. ಬೀಳುಬಿಟ್ಟ ಹೊಲ ಕಂಡರೆ ನನಗೆ ಬಾಯಲ್ಲಿ ನೀರು. ಹೊಲದಲ್ಲಿ ಇಲ್ಲದ್ದು!

ಪ್ರಶ್ನೆ: ಸರ್ಕಾರ ಕೈಕಟ್ಟಿ ಕೂತಿದೆಯೇ?

ಹಬೂಬ್: ಛೆ, ಛೆ! ಇಲ್ಲೇ ಹತ್ತು ಮೈಲಿ ಉದ್ದಕ್ಕೆ ಸೆನ್ಸರು, ಕ್ಯಾಮೆರಾ, ಮಿನುಗುವ ಬೋರ್ಡು. ನಾನು ಬಂದೆನೆಂದರೆ ವೇಗದ ಮಿತಿ 75 ಮೈಲಿಯಿಂದ 35ರವರೆಗೂ ಇಳೀತದೆ. ಇದು ಒಳ್ಳೆಯ ಕೆಲಸ, ಒಪ್ಪಿದೆ. ಸಾರಿಗೆ ಇಲಾಖೆಯವರು ನನ್ನ ಮೇಲೆ ಹೈಕು ಬರೆಯಿರಿ ಅಂತಲೂ ಜನರನ್ನು ಕರೆದಿದ್ದರು. ಹೊಲಕ್ಕೆ ನೀರು ಕೊಡಿಸುವುದಕ್ಕಿಂತ ಹೈಕುವಿನ ಹದಿನೇಳು ಅಕ್ಷರ ಅಗ್ಗ.

(ಇಲ್ಲಿ ಪ್ರತಿನಿಧಿಗೆ ಕೆಮ್ಮು. ಕಿಟಕಿ ಮುಚ್ಚಿಯೇ ಇತ್ತು.)

ಪ್ರಶ್ನೆ: ಚಾಲಕರಿಗೆ ಕಿವಿಮಾತು?

ಹಬೂಬ್: ಕೆಲವರು ನನ್ನನ್ನು ಸೀಳಿಕೊಂಡು ಹೋಗ್ತೀನಿ ಅಂತ ಆಕ್ಸಿಲರೇಟರ್ ಒತ್ತುತ್ತಾರೆ. ಕೆಲವರು ನಡುರಸ್ತೆಯಲ್ಲೇ ನಿಲ್ತಾರೆ. ಡಾಂಬರು ಬಿಟ್ಟು ಪೂರ್ತಿ ಆಚೆ ಇಳಿಯಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ದೀಪ ಎಲ್ಲ ಆರಿಸಬೇಕು.

ಪ್ರಶ್ನೆ: ಆರಿಸುವುದೇ? ನಾವು ನಾಲ್ಕೂ ಇಂಡಿಕೇಟರ್ ಹಾಕ್ತೇವೆ!

ಹಬೂಬ್: ಹಿಂದಿನವನಿಗೆ ರಸ್ತೆ ಕಾಣೋದಿಲ್ಲ, ನಿಮ್ಮ ದೀಪ ಕಾಣ್ತದೆ. ರಸ್ತೆ ಆ ಕಡೆಗೇ ಇದೆ ಅಂತ ಹಿಂಬಾಲಿಸ್ತಾನೆ. ನೀವು ನಿಂತಿರ್ತೀರಿ, ಅವನು ನಿಂತಿರೋದಿಲ್ಲ.

ಪ್ರಶ್ನೆ: ನಾನಂತೂ ಎಲ್ಲ ಆರಿಸಿಯೇ ಕೂತಿದ್ದೇನೆ.

ಹಬೂಬ್: ಬಲಗಾಲು ಇನ್ನೂ ಬ್ರೇಕ್ ಮೇಲಿದೆ. ಹಿಂದೆ ಕೆಂಪಗೆ ಉರೀತಿದೆ. ತೆಗೀರಿ ಸ್ವಾಮಿ, ಲಾರಿ ಬರ್ತಿದೆ!