ಸಾಲಿಸಿಟರ್ ಸಾಹೇಬರ ಸ್ವಯಂವರ

ಇಂಗ್ಲೆಂಡಿಗೆ ಬಂದು ನೆಲೆಸಿದ ನಮ್ಮ ಕನ್ನಡದವರದ್ದು ಒಂದು ವಿಚಿತ್ರ ಗುಣ. ಕುಕ್ಕರ್ ಗ್ಯಾಸ್ಕೆಟ್ ಎಲ್ಲಿ ಸಿಗುತ್ತದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಾರೆ, ಬಂದ ಉತ್ತರಗಳನ್ನೆಲ್ಲ ಅಳೆದು ಸುರಿದು ನೋಡುತ್ತಾರೆ, ಊರಿಗೆ ಫೋನ್ ಮಾಡಿ ಅಮ್ಮನ ಒಪ್ಪಿಗೆಯನ್ನೂ ಪಡೆಯುತ್ತಾರೆ. ಆಮೇಲೆಯೇ ಗ್ಯಾಸ್ಕೆಟ್ಟು. ಅದೇ ಮಹಾನುಭಾವರು ನಾಲ್ಕು ಲಕ್ಷ ಪೌಂಡಿನ ಮನೆ ಕೊಳ್ಳಲು ಹೊರಟಾಗ, "ಕಾಗದಪತ್ರ ಯಾರು ನೋಡ್ತಿದ್ದಾರೆ ಸಾರ್?" ಎಂದು ಕೇಳಿ ನೋಡಿ. "ಅದೇ, ಎಸ್ಟೇಟ್ ಏಜೆಂಟ್ ಹುಡುಗಿ ಯಾರದೋ ಹೆಸರು ಕೊಟ್ಟಳು, ಅವರೇ" ಎನ್ನುತ್ತಾರೆ.

ಆ ಹುಡುಗಿ ಯಾರ ಕಡೆಯವಳು ಸ್ವಾಮಿ? ಮಾರುವವರ ಕಡೆಯವಳು. ಅವಳ ಕಂಪನಿಗೆ ಕಮಿಷನ್ ಕೊಡುವವರು ಅವರು. ಸಾಲದ್ದಕ್ಕೆ, ಅವಳು ಹೇಳಿದ ಸಾಲಿಸಿಟರ್ ಎಂಬ ವಕೀಲರ ಕಡೆಯಿಂದಲೂ ರೆಫರಲ್ ಫೀ ಎಂಬ ದಕ್ಷಿಣೆ ಬರುವುದುಂಟು. ಕಾನೂನಿನ ಪ್ರಕಾರ ಅದು ತಪ್ಪಲ್ಲ, ಗಿರಾಕಿಗೆ ತಿಳಿಸಿದರಾಯಿತು. ತಿಳಿಸಿಯೂ ಇರುತ್ತಾರೆ, ಎಲ್ಲೋ ಒಂದು ಪುಟದ ತಳದಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಅಕ್ಷರದಲ್ಲಿ. ಗಂಡಿನ ಕಡೆಯ ಜೋಯಿಸರ ಹತ್ತಿರವೇ ಗಂಡಿನ ಜಾತಕ ತೋರಿಸಿ, "ಹುಡುಗ ಹೇಗೆ ಶಾಸ್ತ್ರಿಗಳೇ?" ಎಂದು ಕೇಳಿದ ಹಾಗಾಯಿತು.

ನಮ್ಮೂರಿನ ಲೆಕ್ಕವೇ ಬೇರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಪಕ್ಕದಲ್ಲಿ ಕೂತ ಪತ್ರ ಬರಹಗಾರರು ಕೊಳ್ಳುವವರಿಗೂ ಅವರೇ, ಮಾರುವವರಿಗೂ ಅವರೇ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬೈಟು ಕಾಫಿ ಕುಡಿಯುತ್ತಾರೆ. ಇಲ್ಲಿ ಸಾಮಾನ್ಯವಾಗಿ ಅವರಿಗೊಬ್ಬ, ನಿಮಗೊಬ್ಬ. ಇಬ್ಬರು ಸಾಲಿಸಿಟರುಗಳೂ ಒಬ್ಬರ ಮುಖ ಒಬ್ಬರು ನೋಡದೆ ಮೂರು ನಾಲ್ಕು ತಿಂಗಳು ಪತ್ರ ಬರೆದುಕೊಳ್ಳುತ್ತಾರೆ. ಪ್ರೇಮಿಗಳೂ ಇಷ್ಟು ಬರೆಯಲಿಕ್ಕಿಲ್ಲ. ಅಷ್ಟೂ ದಿನ ನೀವು ತ್ರಿಶಂಕು. ಏಕೆಂದರೆ ಇಂಗ್ಲೆಂಡು, ವೇಲ್ಸಿನಲ್ಲಿ 'ಎಕ್ಸ್‌ಚೇಂಜ್' ಎಂಬ ಕರಾರುಪತ್ರ ಬದಲಾಯಿಸಿಕೊಳ್ಳುವ ಶಾಸ್ತ್ರ ಮುಗಿಯುವ ತನಕ ಯಾರ ಮಾತಿಗೂ ಕಟ್ಟಿಲ್ಲ. ಮಾರುವವರು ನಿಮಗೆ ಹೂಂ ಎಂದ ಮೇಲೂ ಹತ್ತು ಸಾವಿರ ಹೆಚ್ಚು ಕೊಡುವವರು ಸಿಕ್ಕರೆ ಅತ್ತ ಹೊರಳಬಹುದು. ಇದಕ್ಕೆ 'ಗಜಂಪಿಂಗ್' ಎಂದು ಮುದ್ದಾದ ಹೆಸರೂ ಇದೆ. ಎಕ್ಸ್‌ಚೇಂಜ್ ಆಗಿ, ಶೇಕಡ 10ರಷ್ಟು ಮುಂಗಡ ಕಟ್ಟಿದ ಮೇಲೆ ಮಾತ್ರ ಗಂಟು ಬಿತ್ತು; ಆಮೇಲೆ ನೀವು ಹಿಂದೆ ಸರಿದರೆ ಮುಂಗಡಕ್ಕೆ ಎಳ್ಳು ನೀರು. ಸ್ಕಾಟ್ಲೆಂಡಿನವರು ಈ ವಿಷಯದಲ್ಲಿ ಜಾಣರು. ಅಲ್ಲಿ ಮನೆಗೆ ಬೆಲೆ ಕೂಗುವ ಪತ್ರವನ್ನೇ ಸಾಲಿಸಿಟರ್ ಬರೆಯುತ್ತಾನೆ, ಪತ್ರಗಳು ಕೂಡಿಬಂದ ಕೂಡಲೇ ಇಬ್ಬರಿಗೂ ಮೂಗುದಾರ. ಹಾಗಾಗಿ ಎಡಿನ್‌ಬರೋದಲ್ಲಿರುವ ಮಿತ್ರರ ಸಲಹೆಯನ್ನು ಬರ್ಮಿಂಗ್‌ಹ್ಯಾಮಿಗೆ ತಂದುಕೊಳ್ಳಬೇಡಿ.

ಇನ್ನು ಸಾಲಿಸಿಟರೇ ಆಗಬೇಕೆಂದೂ ಇಲ್ಲ. 1985ರ ಕಾಯ್ದೆ ಬಂದ ಮೇಲೆ 'ಲೈಸನ್ಸ್‌ಡ್ ಕನ್ವೆಯನ್ಸರ್' ಎಂಬ ಇನ್ನೊಂದು ಕುಲ ಹುಟ್ಟಿಕೊಂಡಿದೆ. ಮನೆ ಕಾಗದವೇ ಅವರ ಕಸುಬು. ಬಿರುದು ಯಾವುದಾದರೂ ಇರಲಿ, ನಿಮಗೆ ಸಾಲ ಕೊಡುವ ಬ್ಯಾಂಕಿನ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಬ್ಯಾಂಕಿನ ಪರವಾಗಿ ಮತ್ತೊಬ್ಬ ವಕೀಲ ಬಂದು ಕೂರುತ್ತಾನೆ, ಅವನ ಬಿಲ್ಲೂ ನಿಮ್ಮ ಹೆಗಲಿಗೆ.

ಈಗ ಬಂದೆ ಅಸಲು ವಿಷಯಕ್ಕೆ. "ಲೋಕಲ್ ಯಾಕ್ರೀ ಬೇಕು? ಎಲ್ಲ ಕಂಪ್ಯೂಟರಿನಲ್ಲೇ ಸಿಗುತ್ತೆ, ನೂರೈವತ್ತು ಮೈಲಿ ಆಚೆಯ ಕಂಪನಿ ಅರ್ಧ ಫೀಸಿಗೆ ಮಾಡಿಕೊಡುತ್ತೆ" ಎನ್ನುವ ಐಟಿ ಹುಡುಗರಿದ್ದಾರೆ. ಮಾತು ಅರ್ಧ ನಿಜ. ಲ್ಯಾಂಡ್ ರಿಜಿಸ್ಟ್ರಿ ಕಂಪ್ಯೂಟರಿನಲ್ಲಿದೆ. ಕೌನ್ಸಿಲ್, ಚರಂಡಿ, ನೆರೆ, ಎಲ್ಲ 'ಸರ್ಚ್' ಗುಂಡಿ ಒತ್ತಿದರೆ ಬರುತ್ತವೆ. ಆದರೆ ಯಾವ ಗುಂಡಿ ಒತ್ತಬೇಕು ಎಂದು ಗೊತ್ತಿರಬೇಕಲ್ಲ, ಬಂದದ್ದನ್ನು ಓದಲೂ ಬರಬೇಕಲ್ಲ! ಈ ದೇಶ ಮೇಲೆ ನೋಡಲು ಹಸಿರು ಹುಲ್ಲು, ಕೆಳಗೆ ಬರೀ ಟೊಳ್ಳು. ಡರ್‌ಹ್ಯಾಮ್, ನಾಟಿಂಗ್‌ಹ್ಯಾಮ್‌ಶೈರ್ ಕಡೆ ನಿಮ್ಮ ದೇವರಮನೆಯ ಕೆಳಗೆ ಯಾವ ಕಾಲದ್ದೋ ಕಲ್ಲಿದ್ದಲು ಸುರಂಗ ಇರಬಹುದು. ಚೆಶೈರಿನ ನಾರ್ತ್‌ವಿಚ್ ಎಂಬ ಊರಿನಲ್ಲಂತೂ ನೆಲದೊಳಗಿನ ಉಪ್ಪನ್ನು ನೀರು ಮಾಡಿ ಮೇಲೆತ್ತಿ ಎತ್ತಿ, ಬೀದಿಗಳೇ ಕುಸಿದವು. ಅಲ್ಲಿನವರು ಬೆದರಲಿಲ್ಲ. ಮರದ ಚೌಕಟ್ಟಿನ ಕಟ್ಟಡ ಕಟ್ಟಿ, ನೆಲ ತಗ್ಗಿದಾಗ ಜಾಕ್ ಕೊಟ್ಟು ಅಂಗಡಿಯನ್ನೇ ಮೇಲೆತ್ತಿ ನಿಲ್ಲಿಸುವ ಉಪಾಯ ಹುಡುಕಿದರು. ಮನೆಗೂ ಜಾಕ್! ಟೈರ್ ಬದಲಿಸಲು ಬಾರದ ನಮ್ಮಂಥವರು ಅಲ್ಲಿ ಮನೆ ಕೊಂಡರೆ ಗತಿಯೇನು?

ಕಾರ್ನ್‌ವಾಲಿಗೆ ಹೋಗಿ, ತವರದ ಗಣಿಗಳು. ಕೋಲಾರದ ಚಿನ್ನದ ಗಣಿಗೆ ಇಳಿದ ಬ್ರಿಟಿಷ್ ಗಣಿಗಾರರಲ್ಲಿ ಬಹಳ ಮಂದಿ ಈ ಕಾರ್ನ್‌ವಾಲಿನವರೇ. ಅವರು ನಮ್ಮಲ್ಲಿಗೆ ಬರುವ ಮೊದಲು ತಮ್ಮ ಊರನ್ನೇ ಅಗೆದು ಮುಗಿಸಿದ್ದರು. ಅಲ್ಲಿನ ಗಣಿಯ ತ್ಯಾಜ್ಯವನ್ನು ಬೆರೆಸಿ ಕಾಂಕ್ರೀಟ್ ಬ್ಲಾಕ್ ಮಾಡಿದ ಹಳೆಯ ಮನೆಗಳಿವೆ. ವರ್ಷ ಕಳೆದಂತೆ ಬ್ಲಾಕು ಒಳಗೊಳಗೇ ಪುಡಿಯಾಗಬಹುದು. 'ಮಂಡಿಕ್' ಪರೀಕ್ಷೆ ಮಾಡಿಸದೆ ಅಂಥ ಮನೆಗೆ ಬ್ಯಾಂಕಿನವರು ಸಾಲ ಕೊಡಲು ಹಿಂದೇಟು ಹಾಕುತ್ತಾರೆ. ಟ್ರೂರೋದ ಸಾಲಿಸಿಟರಿಗೆ ಇದು ಬಾಯಿಪಾಠ. ದೂರದ ಕಾಲ್‌ಸೆಂಟರಿನಲ್ಲಿ ಕೂತ ಹುಡುಗನಿಗೆ 'ಮಂಡಿಕ್' ಎಂದರೆ ಮಂಡಿನೋವಿನ ಮುಲಾಮು ಎನ್ನಿಸಿದರೂ ಆಶ್ಚರ್ಯವಿಲ್ಲ.

ನೆಲದ ಮೇಲಿನ ಭೂತಗಳೂ ಉಂಟು. ವಾರಿಕ್‌ಶೈರಿನಲ್ಲಿ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿ. ಷೇಕ್ಸ್‌ಪಿಯರನ ಅಪ್ಪ ಅಮ್ಮನ ಮದುವೆ ಅಲ್ಲಿನ ಚರ್ಚಿನಲ್ಲೇ ಆಯಿತು ಎಂದು ಐತಿಹ್ಯ. ಅದೇ ಊರಿನಲ್ಲಿ ಜಮೀನಿದ್ದ ದಂಪತಿಗೆ ಒಂದು ದಿನ ಚರ್ಚಿನಿಂದ ಬಿಲ್ ಬಂತು: ನಿಮ್ಮ ಜಮೀನಿಗೆ ಅನಾದಿಯಿಂದ ಒಂದು ಋಣವಿದೆ, ಚರ್ಚಿನ 'ಚಾನ್ಸೆಲ್', ನಮ್ಮ ಲೆಕ್ಕದಲ್ಲಿ ಗರ್ಭಗುಡಿ ಎನ್ನಿ, ಅದನ್ನು ನೀವೇ ರಿಪೇರಿ ಮಾಡಿಸಬೇಕು. ಜಗಳ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, 2003ರಲ್ಲಿ ದಂಪತಿ ಸೋತರು. ರಿಪೇರಿಯ ಬಾಬ್ತೇ 1 ಲಕ್ಷ 80 ಸಾವಿರ ಪೌಂಡ್ ದಾಟಿತು, ವಕೀಲರ ಖರ್ಚು ಬೇರೆ. ನಮ್ಮಲ್ಲಿ ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಬಂದವರಿಗೆ ನೂರೊಂದು ರೂಪಾಯಿ ಕೊಟ್ಟು ಬಾಗಿಲು ಹಾಕಿಕೊಳ್ಳಬಹುದು; ಇಲ್ಲಿ ಹಾಗಿಲ್ಲ ನೋಡಿ. 2013ರ ಅಕ್ಟೋಬರ್ 13ರಿಂದೀಚೆಗೆ ಇಂಥ ಹಕ್ಕನ್ನು ರಿಜಿಸ್ಟ್ರಿಯಲ್ಲಿ ನಮೂದಿಸದಿದ್ದರೆ ಹೊಸದಾಗಿ ದುಡ್ಡು ಕೊಟ್ಟು ಕೊಂಡವರಿಗೆ ಅದು ಅಂಟುವುದಿಲ್ಲ ಎಂದಾಗಿದೆ. ಆದರೂ ಸಾಲಿಸಿಟರುಗಳು ಇವತ್ತಿಗೂ ಅದನ್ನು ಸರ್ಚ್ ಮಾಡುತ್ತಾರೆ. ಹಾವು ಹೋದರೂ ಹುತ್ತಕ್ಕೆ ಕೈ ಹಾಕುವುದಿಲ್ಲ.

ಇದು ಅವರ ನೆಲದ ಕಥೆ. ಕಷ್ಟ ಶುರುವಾಗುವುದು ನಮ್ಮ ನೆಲದಿಂದ ಬರುವ ದುಡ್ಡಿನಿಂದ. ಮಿತ್ರರೊಬ್ಬರ ಮಾವ ತುಮಕೂರಿನ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರು. ಮಗಳು ಮನೆ ಕೊಳ್ಳುತ್ತಾಳೆಂದು ಸೈಟೊಂದನ್ನು ಮಾರಿ, ಬ್ಯಾಂಕಿನವರು ಕೇಳಿದ ಅರ್ಜಿಗಳನ್ನೆಲ್ಲ ತುಂಬಿ ಹಣ ಕಳಿಸಿದರು. ಕಪ್ಪುಹಣ ತಡೆಯುವ ಕಾನೂನು ಇಲ್ಲಿ ಬಿಗಿ. ಸಾಲಿಸಿಟರ್ ಕೇಳಿದರು: ಈ ಹಣ ಎಲ್ಲಿಂದ? ಸೈಟು ಮಾರಿದ್ದು. ಸೈಟು ಎಲ್ಲಿಂದ? ಅಪ್ಪನಿಂದ ಬಂದದ್ದು, ಅವಿಭಕ್ತ ಕುಟುಂಬದ ಆಸ್ತಿ. ಹಾಗಾದರೆ ಕುಟುಂಬದ ಎಲ್ಲರ ಪಾಸ್‌ಪೋರ್ಟ್ ಕಳಿಸಿ! ಚಿಕ್ಕಪ್ಪಂದಿರು ಪಾಸ್‌ಪೋರ್ಟ್ ಮಾಡಿಸುವಷ್ಟರಲ್ಲಿ ಮನೆ ಇನ್ನೊಬ್ಬರ ಪಾಲಾಗುತ್ತಿತ್ತು. ಮೇಲೆ ಒಂದು ಗಿಫ್ಟ್ ಪತ್ರ: 'ಇದು ಸಾಲವಲ್ಲ, ಉಡುಗೊರೆ; ಮನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ' ಎಂದು ಮಾವ ಸಹಿ ಮಾಡಬೇಕು. "ಮಗಳಿಗೆ ಕೊಟ್ಟದ್ದನ್ನು ವಾಪಸ್ ಕೇಳ್ತೀನಿ ಅಂತ ಆ ಮನುಷ್ಯನಿಗೆ ಹೇಳಿದೋರು ಯಾರು, ಅಳಿಯಂದಿರೇ?" ಎಂದು ಮಾವ ಫೋನಿನಲ್ಲೇ ಉರಿದುಬಿದ್ದರಂತೆ.

ಇನಿಷಿಯಲ್ಲುಗಳ ಗೋಳು ಇನ್ನೊಂದು. ಎಚ್. ಎಂದರೆ ಊರು, ಎಸ್. ಎಂದರೆ ಅಪ್ಪ, ಪಾಸ್‌ಪೋರ್ಟಿನಲ್ಲಿ ಅವೆರಡೂ ಬಿಡಿಸಿಕೊಂಡು ಮೈಚಾಚಿ ಮಲಗಿರುತ್ತವೆ, ಬ್ಯಾಂಕಿನಲ್ಲಿ ಮುದುಡಿಕೊಂಡಿರುತ್ತವೆ. ಇಬ್ಬರೂ ಒಬ್ಬರೇ ಎಂದು ಸಾಬೀತು ಮಾಡುವಷ್ಟರಲ್ಲಿ 'ಡಿಯರ್ ಮಿಸ್ಟರ್ ಹಾಸನ್' ಎಂದು ನಾಲ್ಕು ಪತ್ರ ಬಂದಿರುತ್ತವೆ. ಲೆಸ್ಟರ್, ಹ್ಯಾರೋ, ಸ್ಲೌ ಕಡೆ ನಮ್ಮ ದೇಶದವರ ಕಡತಗಳಲ್ಲೇ ಮುಳುಗೆದ್ದ ಸಾಲಿಸಿಟರುಗಳಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ಅವರು ಮೊದಲನೇ ದಿನವೇ ಕೇಳುವ ಪ್ರಶ್ನೆ ಒಂದಿದೆ: "ಇಂಡಿಯಾದಲ್ಲಿ ಮನೆ ಉಂಟೇ?"

ನಮ್ಮವರು ಥಟ್ಟನೆ, "ಇಲ್ಲ, ಇಲ್ಲ, ಮೈಸೂರಿನಲ್ಲಿ ಒಂದು ಫ್ಲಾಟ್, ಅದೂ ಇವಳ ಹೆಸರಿನಲ್ಲಿ" ಎನ್ನುತ್ತಾರೆ. ಅಲ್ಲೇ ಇರುವುದು ಮಜಾ. ಇಲ್ಲಿನ ಸ್ಟಾಂಪ್ ಡ್ಯೂಟಿಗೆ ಜಗತ್ತಿನಲ್ಲಿ ಎಲ್ಲಿ ಮನೆಯಿದ್ದರೂ ಮನೆಯೇ, ಗಂಡ ಹೆಂಡತಿ ಒಂದೇ ಜೀವ. 40 ಸಾವಿರ ಪೌಂಡ್ ಬೆಲೆ ಮುಟ್ಟುವ ಫ್ಲಾಟ್ ಅಲ್ಲಿದ್ದರೆ, ಇಲ್ಲಿ ಕೊಳ್ಳುವ ಮನೆಯ ಪೂರ್ತಿ ಬೆಲೆಯ ಮೇಲೆ ಶೇಕಡ 5ರಷ್ಟು ಹೆಚ್ಚುವರಿ. 2024ರ ಅಕ್ಟೋಬರ್ 31ಕ್ಕೆ ಮೊದಲು ಅದು 3 ಇತ್ತು. ನಾಲ್ಕು ಲಕ್ಷದ ಮನೆಗೆ ಲೆಕ್ಕ ಹಾಕಿ: ಎಲ್ಲೂ ಮನೆಯೇ ಇಲ್ಲದೆ ಮೊದಲ ಸಲ ಕೊಳ್ಳುವವರಿಗೆ 2025ರ ಏಪ್ರಿಲ್‌ನಿಂದ 5 ಸಾವಿರ ಪೌಂಡ್, ಮೈಸೂರಿನ ಫ್ಲಾಟ್ ಒಡೆಯರಿಗೆ 30 ಸಾವಿರ. ಚಾಮುಂಡಿ ಬೆಟ್ಟದ ನೋಟಕ್ಕೆ 25 ಸಾವಿರ ಪೌಂಡ್ ಟಿಕೆಟ್! ಇದನ್ನು ಮೊದಲೇ ಕೇಳದೆ, ಕೊನೆಯ ವಾರ ಕೇಳುವ ಸಾಲಿಸಿಟರ್ ಎಷ್ಟೇ ಅಗ್ಗವಾಗಿರಲಿ, ದುಬಾರಿಯೇ.

ಅಗ್ಗದ ಮಾತು ಬಂತಲ್ಲ. 2018ರ ಡಿಸೆಂಬರ್‌ನಿಂದ ಸಾಲಿಸಿಟರುಗಳು ಮನೆ ವ್ಯವಹಾರದ ಫೀಸನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಹಾಕುತ್ತಾರೆ. ಕೆಳಗೆ ಬಾಲಗಳಿರುತ್ತವೆ: ಲೀಸ್‌ಹೋಲ್ಡ್ ಆದರೆ ಇಷ್ಟು, ಗಿಫ್ಟ್ ಹಣ ಇದ್ದರೆ ಇಷ್ಟು, ದುಡ್ಡು ರವಾನಿಸಲು ಇಷ್ಟು. ಬಾಲಗಳನ್ನೆಲ್ಲ ಕೂಡಿಸಿಯೇ ಬೆಲೆ ಕೇಳಿ.

ಆಯ್ಕೆಗೆ ನನ್ನದೊಂದು ಪರೀಕ್ಷೆ ಇದೆ, ಯಾವ ಸಂಸ್ಥೆಯೂ ಒಪ್ಪದ್ದು. ಶುಕ್ರವಾರ ಮಧ್ಯಾಹ್ನ ಆಫೀಸಿಗೆ ಫೋನ್ ಮಾಡಿ. ಈ ದೇಶದಲ್ಲಿ ಅರ್ಧ ಊರು ಬೀಗದ ಕೈ ಪಡೆಯುವುದು ಶುಕ್ರವಾರವೇ. "ಇವತ್ತು ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಸೋಮವಾರ ನಾನೇ ಮಾಡುತ್ತೇನೆ" ಎಂದು ಹೇಳಿ, ಸೋಮವಾರ ನಿಜವಾಗಿಯೂ ಮಾಡಿದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಶುಕ್ರವಾರವೂ ಅರ್ಧ ಗಂಟೆ ಜೇನಿನಂತೆ ಮಾತಾಡಿದರೆ ಅವರಿಗೆ ಕೆಲಸವಿಲ್ಲ. ಸಂಗೀತ ಮಾತ್ರ ಕೇಳಿಸಿದರೆ ಫೋನ್ ಇಟ್ಟುಬಿಡಿ.

ನಡೆದು ಹೋಗುವಷ್ಟು ಹತ್ತಿರದಲ್ಲಿ ಆಫೀಸಿದ್ದರೆ ಇನ್ನೊಂದು ಲಾಭ. ಹಣ ಕಳಿಸುವ ಹೊತ್ತಿಗೆ ಸರಿಯಾಗಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಸಾಲಿಸಿಟರ್ ಹೆಸರಿನಲ್ಲೇ ಕಳ್ಳರು ಇಮೇಲ್ ಬರೆಯುತ್ತಾರೆ. ಅದನ್ನು ನಂಬಿ ಜನ್ಮದ ಗಳಿಕೆಯನ್ನೇ ಕಳಿಸಿ ಕೂತವರಿದ್ದಾರೆ. ಛತ್ರಿ ಹಿಡಿದು ಹೈಸ್ಟ್ರೀಟಿನ ತನಕ ನಡೆದು, ಖಾತೆ ನಂಬರನ್ನು ಕಣ್ಣಾರೆ ನೋಡಿಕೊಂಡು ಬರುವುದಕ್ಕೆ ಸಮಾನವಾದ ಆ್ಯಪ್ ಇನ್ನೂ ಬಂದಿಲ್ಲ.

ಅಂತೂ ಮಿತ್ರರಿಗೆ ಮನೆ ಕೈಸೇರಿತು, ತುಮಕೂರಿನ ಮಾವ ಗೃಹಪ್ರವೇಶಕ್ಕೆ ಬಂದರು. ಹಾಲುಕ್ಕಿಸಿ, ಊಟ ಮುಗಿದ ಮೇಲೆ ಎಲೆಯಡಿಕೆ ಹಾಕಿಕೊಂಡು ಕೇಳಿದರು: "ಎಲ್ಲ ಸರಿ ಅಳಿಯಂದಿರೇ, ಪತ್ರ ತನ್ನಿ, ನೋಡೋಣ." ಮಿತ್ರರು ಮೊಬೈಲಿನಲ್ಲಿ ಪಿಡಿಎಫ್ ತೋರಿಸಿದರು. "ಒರಿಜಿನಲ್ಲು?" "ಇದೇ ಮಾವ, 2003ರಿಂದ ಇಲ್ಲಿ ಕಾಗದದ ಪ್ರಮಾಣಪತ್ರ ಕೊಡುವುದನ್ನೇ ನಿಲ್ಲಿಸಿದ್ದಾರೆ, ರಿಜಿಸ್ಟ್ರಿಯಲ್ಲಿ ಇರುವುದೇ ಒರಿಜಿನಲ್ಲು." ಮಾವ ಒಪ್ಪಲಿಲ್ಲ. ಪ್ರಿಂಟ್ ಹಾಕಿಸಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಕನ್ನಡಕ ಏರಿಸಿ ಓದಲು ಕೂತರು. ನಕ್ಷೆಯ ಮೇಲೆ ಕೆಂಪು ಗೆರೆ ಬಿಟ್ಟರೆ ಬೇರೇನೂ ಇಲ್ಲ.

"ಚಕ್ಕುಬಂದಿಯೇ ಬರೆದಿಲ್ವಲ್ಲ ಈ ಸಾಲಿಸಿಟರು! ಪೂರ್ವಕ್ಕೆ ಯಾರ ಮನೆ?"

"ಗೊತ್ತಿಲ್ಲ ಮಾವ, ಇನ್ನೂ ಪರಿಚಯವಾಗಿಲ್ಲ."

ಮಾವ ಕೋಟು ಹಾಕಿಕೊಂಡು, ಒಂದು ಡಬ್ಬಿ ಮೈಸೂರುಪಾಕು ಹಿಡಿದು, ಪೂರ್ವ ದಿಕ್ಕಿನ ಮನೆಯ ಬೆಲ್ ಒತ್ತಲು ಹೊರಟರು.