ಸಿಸ್ಟರಕ್ಕನ ನಾಲ್ಕು ವರ್ಷದ ಕೈ

ನಮ್ಮ ಬೀದಿಯ ಸಿಸ್ಟರಕ್ಕನ ಜೊತೆ ಸೀರೆ ಅಂಗಡಿಗೆ ಹೋಗಬಾರದು. ಚಿಕ್ಕಪೇಟೆಯ ಅಂಗಡಿಯವನು "ಯಾವ ಬಣ್ಣ ತೋರಿಸ್ಲಿ ಅಕ್ಕಾ?" ಅಂದರೆ "20ರ ಪಿಂಕ್" ಅನ್ನುತ್ತಾರೆ. ಅವನು ಅಟ್ಟವೆಲ್ಲ ಜಾಲಾಡಿ ಸುಸ್ತಾದ ಮೇಲೆ ತಿಳಿಯುತ್ತದೆ, ಅದು ಡ್ರಿಪ್ ಹಾಕುವ ಕ್ಯಾನುಲಾದ ಬಣ್ಣ. 18 ಹಸಿರು, 20 ಪಿಂಕ್, 22 ನೀಲಿ, ಎಳೆಮಕ್ಕಳ 24 ಹಳದಿ. 22 ವರ್ಷ ಆಸ್ಪತ್ರೆಯಲ್ಲಿ ಕಳೆದವರ ಲೋಕದಲ್ಲಿ ಇಷ್ಟೇ ಬಣ್ಣ.

ಮದುವೆಮನೆಯಲ್ಲೂ ಹಾಗೇ. ಉಳಿದ ಹೆಂಗಸರು ಮದುಮಗಳ ಬಳೆ, ಮೆಹಂದಿ ನೋಡಿದರೆ ಇವರು ಅವಳ ಮುಂಗೈ ಹಿಡಿದು, "ಎಂಥಾ ವೇನು ಕಣೇ! ಕಣ್ಣು ಮುಚ್ಚಿ ಹಾಕಬಹುದು" ಎಂದು ಹರಸುತ್ತಾರೆ. ಇನ್ನೊಂದು: ಇವರ ಮುಂದೆ "ಇವತ್ತು ಆರಾಮ" ಅನ್ನಬಾರದು. ಅಂದರೆ ವಾರ್ಡು ತುಂಬುತ್ತದಂತೆ. ರಾಹುಕಾಲ ನಂಬದವರೂ ನರ್ಸಾದ ಮೇಲೆ ಇದನ್ನು ನಂಬುತ್ತಾರೆ.

ಅತ್ತೆಗೆ ಲಕ್ವ ಹೊಡೆದಾಗ ಸಿಸ್ಟರಕ್ಕ ಕೆಲಸ ಬಿಟ್ಟರು. ಎರಡು ವರ್ಷದ ಮೇಲೆ ಅತ್ತೆ ಹೋದರು, ಇವರು ಫೈಲು ಹಿಡಿದು ಮತ್ತೆ ಹೊರಟರು. ಜಿಎನ್‌ಎಂ, ಅದರ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ, 12 ವರ್ಷ ಐಸಿಯು. ಪೇಪರಿನಲ್ಲಿ ಯಾವಾಗ ನೋಡಿದರೂ ನರ್ಸುಗಳ ಕೊರತೆ. ಹೂವಿನ ಹಾರ ಹಾಕಿ ಕರೆದುಕೊಳ್ಳುತ್ತಾರೆ ಅಂದುಕೊಂಡೆವು.

ಮೊದಲನೆಯ ಆಸ್ಪತ್ರೆಯ ಎಚ್‌ಆರ್ ಹುಡುಗ ಫೈಲು ತಿರುವಿ, ಗಂಟಲು ಸರಿಮಾಡಿಕೊಂಡು, "ಮೇಡಂ, ನೀವು ಓವರ್‌ಕ್ವಾಲಿಫೈಡ್" ಅಂದನಂತೆ. ಸಿಸ್ಟರಕ್ಕ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಡಯಾಗ್ನೋಸಿಸ್ ಕೊಟ್ಟ, ಟ್ರೀಟ್‌ಮೆಂಟ್ ಬರೆದುಕೊಡಲಿಲ್ಲ" ಅಂದರು.

ಆ ಕಾಯಿಲೆಯ ಕನ್ನಡದ ಹೆಸರು ಸಂಬಳ. ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿ ಕೊಟ್ಟಷ್ಟು ಇಸಿದುಕೊಂಡು ಸುಮ್ಮನಿರುತ್ತಾಳೆ. ಸಿಸ್ಟರಕ್ಕನ ಪರ್ಸಿನಲ್ಲಿ ಮಾತ್ರ ಒಂದು ಜೆರಾಕ್ಸ್ ಇದೆ. 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೇಂದ್ರದ ಸಮಿತಿ ಮಾಡಿದ ಶಿಫಾರಸು: 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ದಾಟಿದರೆ ಸರ್ಕಾರಿ ನರ್ಸಿನ ಸಮ. ಆ ಕಾಗದ ಮೇಜಿನ ಮೇಲೆ ಬಿಚ್ಚಿದ ಕೂಡಲೇ ಎದುರಿನವರಿಗೆ ಯಾವುದೋ ಮೀಟಿಂಗು ನೆನಪಾಗುತ್ತದೆ.

ಎರಡನೆಯ ಕಡೆ ಕಡೇಮಾತಿಗೆ, "ನೀವೇನಾದರೂ ಕೇಳೋದಿದೆಯಾ?" ಅಂದರು. ಅದು ಊಟಕ್ಕೆ ಎಬ್ಬಿಸುವ ಉಪಚಾರದ ಮಾತು. ಸಿಸ್ಟರಕ್ಕ ಎಲೆ ಹಾಕಿಕೊಂಡೇ ಕೂತರು. "ನೈಟಲ್ಲಿ ಒಬ್ಬರಿಗೆ ಎಷ್ಟು ಪೇಷೆಂಟು? ವೆಂಟಿಲೇಟರ್ ಬೆಡ್ಡಿಗೆ ಒಬ್ಬೊಬ್ಬರು ಇದಾರಾ, ಇಲ್ಲಾ ರೋಸ್ಟರಲ್ಲಿ ಮಾತ್ರಾನಾ?" ಎಚ್‌ಆರ್ ನೀರು ಕುಡಿದರು. "ತಿಳಿಸ್ತೀವಿ ಮೇಡಂ." ಅದು ಇನ್ನೂ ತಿಳಿದಿಲ್ಲ.

ಕೊನೆಗೆ ಅಕ್ಕ ಒಂದು ಉಪಾಯ ಮಾಡಿದರು. ಲೋಕದ ಹೆಂಗಸರು ವಯಸ್ಸು ಮುಚ್ಚಿಟ್ಟರೆ ಇವರು ಅನುಭವ ಮುಚ್ಚಿಟ್ಟರು. ಬಯೋಡೇಟಾದಲ್ಲಿ 22 ಹೋಗಿ 4 ಆಯಿತು. "45ಕ್ಕೆ ನಾಲ್ಕೇ ವರ್ಷಾನಾ?" ಎಂದರೆ "ಮಕ್ಕಳಾದ ಮೇಲೆ ಓದಿದ್ದು" ಎಂದು ತಲೆತಗ್ಗಿಸುವುದೂ ರಿಹರ್ಸಲ್ ಆಯಿತು.

ಮೂರನೆಯ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಸಲೀಸಾಗಿ ಮುಗಿಯಿತು. ಸೀದಾ ಗೇಟಿಗೆ ಬಂದಿದ್ದರೆ ಕೆಲಸ ಸಿಗುತ್ತಿತ್ತು. ದಾರಿಯಲ್ಲಿ ಒಂದು ವಾರ್ಡು. ಅಲ್ಲಿ ಹೊಸ ಹುಡುಗಿಯೊಬ್ಬಳು ಅಜ್ಜನೊಬ್ಬರ ಕೈಗೆ ಎರಡು ಸಲ ಚುಚ್ಚಿ, ಮೂರನೆಯದಕ್ಕೆ ನಡುಗುತ್ತಿದ್ದಳು. ಸಿಸ್ಟರಕ್ಕನಿಗೆ ತಡೆಯಲಾಗಲಿಲ್ಲ. ಅಜ್ಜನ ಕೈ ಮಂಚದಿಂದ ಕೆಳಗೆ ಇಳಿಬಿಟ್ಟರು. ಬಿಸಿನೀರಿಗೆ ಅದ್ದಿದ ಬಟ್ಟೆ ಸುತ್ತಿ, "ಎಷ್ಟು ಮಕ್ಕಳು ಅಜ್ಜಾ?" ಅಂದರು. ಅಜ್ಜ ಎರಡನೆಯ ಸೊಸೆಯ ತಕರಾರಿಗೆ ಬರುವಷ್ಟರಲ್ಲಿ ನೀಲಿ ಕ್ಯಾನುಲಾ ಒಳಗಿತ್ತು, ಪ್ಲಾಸ್ಟರೂ ಬಿದ್ದಿತ್ತು.

ಬಾಗಿಲಲ್ಲಿ ನಿಂತಿದ್ದ ಮೇಟ್ರನ್ ಕನ್ನಡಕ ಏರಿಸಿದರು. "ಇದು ನಾಲ್ಕು ವರ್ಷದ ಕೈ ಅಲ್ಲವಲ್ಲ ಸಿಸ್ಟರ್." ಕೆಲಸ ಹೋಯಿತು.

ಹೋದದ್ದು ಸಂಬಳ ಮಾತ್ರ. ಆ ಹುಡುಗಿ ನಂಬರು ಇಸಿದುಕೊಂಡಿದ್ದಳು. ಅವಳ ರೂಮಿನ ಇನ್ನಿಬ್ಬರಿಗೂ ಕೊಟ್ಟಳು. ಈಗ ರಾತ್ರಿ ಎರಡಕ್ಕೆ ಫೋನು: "ಅಕ್ಕಾ, ವೇನ್ ಸಿಗ್ತಿಲ್ಲ." "ಅಕ್ಕಾ, ಬಿಪಿ ಇಳೀತಿದೆ." ಸಿಸ್ಟರಕ್ಕ ಹಾಸಿಗೆಯಲ್ಲೇ ಎದ್ದು ಕೂತು, "ಮೊದಲು ಡಾಕ್ಟರನ್ನ ಎಬ್ಬಿಸೇ ತಾಯಿ, ನನ್ನನ್ನಲ್ಲ" ಎಂದು ಗದರುತ್ತಾರೆ, ಆಮೇಲೆ ಬೆಳಗಿನತನಕ ನಿದ್ದೆ ಮಾಡುವುದಿಲ್ಲ.

ಮೊನ್ನೆ ರಾತ್ರಿ ಜಗಲಿಯಲ್ಲಿ ಕೂತಿದ್ದೆವು. ಹತ್ತಾಯಿತು, ಹನ್ನೊಂದಾಯಿತು. "ಏನಕ್ಕಾ, ಇವತ್ತು ಫೋನೇ ಇಲ್ಲ, ಆರಾಮ..." ಅಂದುಬಿಟ್ಟೆ. ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಒಳಗೆ ಫೋನು ಹೊಡೆದುಕೊಳ್ಳತೊಡಗಿತು.